ಕಂಪ್ರೆಸರ್ ನಿಲ್ಲಿಸುವುದು ಯಾರ ಕೆಲಸ?

ಉದ್ಯಮ ಪ್ರಶ್ನೋತ್ತರ

ಕರೆಂಟು, ನೀರು, ಕಚ್ಚಾಮಾಲು ಉಳಿಸಿ ಪರಿಸರಕ್ಕೆ ಹೊರೆಯಾಗದಂತೆ ಉದ್ಯಮ ನಡೆಸುವ ಯೋಜನೆಗಳು ಕಾಗದದ ಮೇಲೆ ಚೆನ್ನಾಗಿದ್ದರೂ ಕಾರ್ಖಾನೆಯೊಳಗೆ ಏಕೆ ನಿಲ್ಲುವುದಿಲ್ಲ? ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳುವುದು ಇದನ್ನೇ. ಆಯ್ದ ಐದಕ್ಕೆ ಉತ್ತರ ಇಲ್ಲಿದೆ.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ವಾಹನದ ಬಿಡಿಭಾಗ ತಯಾರಿಸುವ ಘಟಕ. 45 ಜನ, ಎರಡು ಪಾಳಿ. ನಮ್ಮಿಂದ ಮಾಲು ಕೊಳ್ಳುವ ದೊಡ್ಡ ಕಂಪನಿ ಕಳೆದ ವರ್ಷ ಸುಸ್ಥಿರತೆಯ ಬಗ್ಗೆ ಉದ್ದನೆಯ ಪ್ರಶ್ನಾವಳಿ ಕಳಿಸಿತು. ಸಲಹೆಗಾರರೊಬ್ಬರಿಂದ ಪರಿಸರ ನೀತಿ ಬರೆಸಿ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇವೆ. ಆದರೆ ಕರೆಂಟು ಬಿಲ್ ಒಂದು ರೂಪಾಯಿಯೂ ಇಳಿದಿಲ್ಲ. ತಪ್ಪಿದ್ದೆಲ್ಲಿ?
— ಘಟಕದ ಮಾಲೀಕರು, ಬೆಂಗಳೂರು

ಉತ್ತರ: ಆ ಚೌಕಟ್ಟಿನೊಳಗೆ ನಿಮ್ಮ ಕಾರ್ಖಾನೆಯ ಒಬ್ಬರ ಹೆಸರಾದರೂ ಇದೆಯೇ, ನೋಡಿ. ಬಹುಶಃ ಇರಲಾರದು. ‘ನಾವು ಶಕ್ತಿಯನ್ನು ಮಿತವಾಗಿ ಬಳಸುತ್ತೇವೆ’ ಎಂದು ಬರೆದಿರುತ್ತದೆ. ಯಂತ್ರಗಳಿಗೆ ಒತ್ತಡದ ಗಾಳಿ ಕೊಡುವ ಕಂಪ್ರೆಸರನ್ನು ಊಟದ ಹೊತ್ತಿಗೆ ನಿಲ್ಲಿಸಬೇಕಾದವರು ಯಾರು ಎಂಬುದು ಮಾತ್ರ ಇರುವುದಿಲ್ಲ.

ಮೊದಲು ಪ್ರಶ್ನಾವಳಿಯ ವಿಷಯ. ಷೇರುಪೇಟೆ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ ವರದಿ ಕೊಡುವುದನ್ನು ಷೇರುಪೇಟೆಯ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಮೊದಲ 250 ಕಂಪನಿಗಳು ತಮ್ಮ ಪೂರೈಕೆದಾರರ ಅಂಕಿಗಳನ್ನೂ ಕೊಡಬೇಕೆಂಬ ಮಾತು ಬಂದು, ಈಗ ಅದು ಐಚ್ಛಿಕವಾಗಿದೆ. ಅದರಲ್ಲೂ ಒಟ್ಟು ಖರೀದಿ ಅಥವಾ ಮಾರಾಟದ ಮೌಲ್ಯದಲ್ಲಿ ಶೇ 2 ಅಥವಾ ಅದಕ್ಕಿಂತ ಹೆಚ್ಚು ಪಾಲಿರುವವರು ಮಾತ್ರ ಆ ಲೆಕ್ಕಕ್ಕೆ ಬರುತ್ತಾರೆ. ಹಾಗಾಗಿ ಹೆದರಿ ಉತ್ತರ ತುಂಬುವ ಅಗತ್ಯವಿಲ್ಲ. ಕೇಳಿದ ಅಂಕಿ ನಿಮ್ಮಲ್ಲಿ ಇಲ್ಲದಿದ್ದರೆ ‘ಅಳೆಯಲು ಈ ತಿಂಗಳಿಂದ ಶುರುಮಾಡಿದ್ದೇವೆ’ ಎಂದು ಬರೆಯಿರಿ. ಊಹೆಯ ಅಂಕಿ ಬರೆದರೆ ಮುಂದಿನ ವರ್ಷದ ನಿಜವಾದ ಅಂಕಿಯೇ ನಿಮಗೆ ತಿರುಗಿ ಬೀಳುತ್ತದೆ.

ಇನ್ನು ಕೆಲಸ. ನಿಮ್ಮಂಥ ಘಟಕದಲ್ಲಿ ಗಾಳಿಯಿಂದಲೇ ಶುರುಮಾಡಿ. ದುಡ್ಡು ಹೆಚ್ಚು ಬೇಡ, ಫಲ ಬೇಗ ಕಾಣುತ್ತದೆ, ಹಿಸ್ಸೆನ್ನುವ ಸದ್ದು ಎಲ್ಲರ ಕಿವಿಗೂ ಬೀಳುತ್ತದೆ. ಭಾನುವಾರ ಎಲ್ಲ ಯಂತ್ರಗಳನ್ನೂ ನಿಲ್ಲಿಸಿ, ಲೈನಿನಲ್ಲಿ ಮಾತ್ರ ಗಾಳಿಯ ಒತ್ತಡ ಇರಲಿ. ಗಾಳಿ ಬಳಸುವವರು ಯಾರೂ ಇಲ್ಲದಾಗ ಕಂಪ್ರೆಸರ್ ಆಗಾಗ ಲೋಡ್ ಆಗುತ್ತಿದ್ದರೆ, ಅಂದರೆ ಮತ್ತೆ ಗಾಳಿ ಒತ್ತತೊಡಗಿದರೆ, ಅದು ಸೋರಿಕೆಗೆ ತುಂಬಿಕೊಡುತ್ತಿದೆ ಎಂದರ್ಥ. ಗಡಿಯಾರ ಹಿಡಿದು ಐದಾರು ಸುತ್ತು ಬರೆದುಕೊಳ್ಳಿ: ಎಷ್ಟು ನಿಮಿಷ ಲೋಡ್, ಎಷ್ಟು ನಿಮಿಷ ಅನ್‌ಲೋಡ್. ಲೋಡ್ ಸಮಯವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಸೋರಿಕೆಯ ಪ್ರಮಾಣ ಸಿಗುತ್ತದೆ. ಒಂದೂವರೆ ನಿಮಿಷ ಲೋಡ್, ಮೂರೂವರೆ ನಿಮಿಷ ಅನ್‌ಲೋಡ್ ಇದ್ದರೆ ಸೋರಿಕೆ ಶೇ 30. ನಿರ್ವಹಣೆ ಸರಿಯಿಲ್ಲದ ಕಡೆ ಇದು ಸಾಮಾನ್ಯ. ಶೇ 10ರೊಳಗೆ ತರುವುದು ಸಾಧ್ಯ.

ದುಡ್ಡಿನ ಲೆಕ್ಕವನ್ನೂ ಮಾಡಿಬಿಡೋಣ. 100 ಸಿಎಫ್‌ಎಂ (ನಿಮಿಷಕ್ಕೆ 100 ಘನ ಅಡಿ ಗಾಳಿ ಕೊಡುವ) ಕಂಪ್ರೆಸರ್ ಪೂರ್ಣ ಹೊರೆಯಲ್ಲಿ 18 ಕಿಲೋವಾಟ್ ಎಳೆಯುತ್ತದೆ ಎಂದುಕೊಳ್ಳಿ. ಸೋರಿಕೆ 30ರಿಂದ 10ಕ್ಕೆ ಇಳಿದರೆ 3.6 ಕಿಲೋವಾಟ್ ಉಳಿಯಿತು ಅನ್ನಿಸುತ್ತದೆ. ಆದರೆ ಸ್ಕ್ರೂ ಕಂಪ್ರೆಸರ್ ಅನ್‌ಲೋಡ್‌ನಲ್ಲಿ ಸುಮ್ಮನೆ ತಿರುಗುವಾಗಲೂ ಪೂರ್ಣ ಹೊರೆಯ ಮೂರನೇ ಒಂದು ಭಾಗದಷ್ಟು ಕರೆಂಟು ತಿನ್ನುವುದರಿಂದ ನಿಜವಾದ ಉಳಿತಾಯ ಸುಮಾರು 2.5 ಕಿಲೋವಾಟ್. ದಿನಕ್ಕೆ 16 ಗಂಟೆ, ತಿಂಗಳಿಗೆ 25 ದಿನ ಎಂದರೆ 1,000 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೆ ತಿಂಗಳಿಗೆ 7,000 ರೂಪಾಯಿ. ಗ್ರಿಡ್ ಕರೆಂಟಿನ ಪ್ರತಿ ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಲೆಕ್ಕ ಹಾಕಿದರೆ 700 ಕೆಜಿ. ನಿಮ್ಮ ಗ್ರಾಹಕ ಕಂಪನಿ ಕೇಳುತ್ತಿರುವುದು ಈ ಕೊನೆಯ ಅಂಕಿಯನ್ನು. ನಿಮ್ಮ ಫಿಟರ್‌ಗೆ ಅರ್ಥವಾಗುವುದು ಮೊದಲನೆಯದು. ಬೋರ್ಡಿನಲ್ಲಿ ಯೂನಿಟ್ಟನ್ನೇ ಬರೆಯಿರಿ.

ಇಷ್ಟು ಯಾರು ಬೇಕಾದರೂ ಹೇಳಿಕೊಡಬಹುದು. ಕೆಡುವುದು ಇದರ ನಂತರ. ಸೋಪಿನ ನೀರು ಹಚ್ಚಿ ಸೋರಿಕೆ ಹುಡುಕಿ, ಕೆಂಪು ಚೀಟಿ ಕಟ್ಟುತ್ತಾರೆ. ಹೋಸ್ ಕಪ್ಲಿಂಗ್, ಫಿಲ್ಟರ್-ರೆಗ್ಯುಲೇಟರ್‌ನ ಬಟ್ಟಲು, ನೀರು ಇಳಿಸುವ ಡ್ರೈನ್ ವಾಲ್ವ್ ಇವೇ ಸಾಮಾನ್ಯ ಜಾಗಗಳು. ಮೂರು ವಾರ ಕಳೆದರೂ ಚೀಟಿಗಳು ಅಲ್ಲೇ ನೇತಾಡುತ್ತಿರುತ್ತವೆ. ಕಾರಣ, ನೂರು ರೂಪಾಯಿಯ ಕಪ್ಲಿಂಗ್ ತರಿಸಲು ಫಿಟರ್ ಇಂಡೆಂಟ್ ಬರೆಯಬೇಕು, ಸೂಪರ್‌ವೈಸರ್ ಸಹಿ ಹಾಕಬೇಕು, ಸ್ಟೋರಿನವರು ಮೂರು ಕೊಟೇಷನ್ ತರಿಸಬೇಕು, ಕೊನೆಗೆ ನೀವು ಒಪ್ಪಬೇಕು. ಎರಡನೇ ಸಲ ಯಾವ ಫಿಟರೂ ಸೋರಿಕೆ ಹುಡುಕಲು ಹೋಗುವುದಿಲ್ಲ. ಅವನು ಸೋಮಾರಿಯಾದ ಎಂದು ಬೈಯಬೇಡಿ. ಹುಡುಕಿ ಫಲವಿಲ್ಲ ಎಂದು ಅವನಿಗೆ ಕಲಿಸಿದವರು ನಾವೇ.

ಆದ್ದರಿಂದ ಒಬ್ಬರನ್ನು ಹೆಸರಿಸಿ. ನಿನ್ನೆ ಸೇರಿದ ಎಂಜಿನಿಯರ್ ಬೇಡ, ಕಚೇರಿಯ ಎಚ್‌ಆರ್ ಬೇಡ. ಯಂತ್ರಗಳ ಒಳಗುಟ್ಟು ಬಲ್ಲ ಎಲೆಕ್ಟ್ರಿಷಿಯನ್ ಅಥವಾ ಹಳೆಯ ಫಿಟರ್ ಆಗಲಿ. ಅವರಿಗೆ ಮೂರನ್ನು ಬರಹದಲ್ಲಿ ಕೊಡಿ. ವಾರಕ್ಕೆ ನಾಲ್ಕು ಗಂಟೆ ಉತ್ಪಾದನೆಯ ಕೆಲಸದಿಂದ ಬಿಡುವು. ಒಂದು ಸಲಕ್ಕೆ 2,000 ರೂಪಾಯಿವರೆಗೆ ಯಾರ ಸಹಿಯೂ ಇಲ್ಲದೆ ಬಿಡಿಭಾಗ ತರುವ ಅಧಿಕಾರ. ಇನ್ನೊಂದು ಪಾಳಿಯಲ್ಲಿ ಅವರ ಜಾಗಕ್ಕೆ ಒಬ್ಬ ಜತೆಗಾರ. ಕಂಪ್ರೆಸರಿನ ಒತ್ತಡ ಬದಲಿಸುವ ಅಧಿಕಾರವೂ ಇವರಿಬ್ಬರಿಗೇ ಇರಲಿ. ಲೈನಿನ ಕೊನೆಯ ಯಂತ್ರಕ್ಕೆ ಗಾಳಿ ಸಾಲದಾದಾಗ ಯಾರೋ ಹೋಗಿ 6 ಬಾರ್ ಒತ್ತಡ ಇದ್ದದ್ದನ್ನು 7ಕ್ಕೆ ತಿರುಗಿಸಿಬಿಡುತ್ತಾರೆ. ಒಂದು ಬಾರ್ ಏರಿದರೆ ಕರೆಂಟು ಶೇ 6ರಿಂದ 10ರಷ್ಟು ಏರುತ್ತದೆ, ಸೋರಿಕೆಯೂ ಹೆಚ್ಚುತ್ತದೆ. ಒಮ್ಮೆ ಏರಿಸಿದ್ದನ್ನು ಇಳಿಸಿದವರನ್ನು ಕಾಣುವುದು ಅಪರೂಪ.

ನಿಮ್ಮ ಪಾಲಿಗೆ ಉಳಿಯುವುದು ದಿನಕ್ಕೆ ಹತ್ತು ನಿಮಿಷ. ಪಾಳಿ ಬದಲಾಗುವ ಹೊತ್ತಿಗೆ ಬೋರ್ಡಿನ ಮುಂದೆ ನಿಂತು ಮೂರನ್ನೇ ಕೇಳಿ: ನಿನ್ನೆ ಎಷ್ಟು ಯೂನಿಟ್, ಎಷ್ಟು ಒಳ್ಳೆಯ ಪೀಸು, ಎಷ್ಟು ಕೆಂಪು ಚೀಟಿ ಬಾಕಿ. ಮಾಲೀಕರು ಬಂದ ಕೂಡಲೇ ‘ಡಿಸ್ಪ್ಯಾಚ್ ಆಯ್ತಾ?’ ಎಂದು ಕೇಳಿದರೆ ಉಳಿದದ್ದೆಲ್ಲ ಮುಖ್ಯವಲ್ಲ ಎಂದು ಇಡೀ ಶೆಡ್ಡಿಗೆ ತಿಳಿದುಹೋಗುತ್ತದೆ. ಪತ್ತೆಯಾದ ಸೋರಿಕೆಗೆ ಇಷ್ಟು ಎಂದು ಬಹುಮಾನ ಇಡಬೇಡಿ, ಚೀಟಿಗಳ ಎಣಿಕೆ ಏರುತ್ತದೆಯೇ ಹೊರತು ಬಿಲ್ ಇಳಿಯುವುದಿಲ್ಲ. ಉಳಿದ ಹಣದಲ್ಲಿ ಒಂದು ಪಾಲನ್ನು ಎರಡೂ ಪಾಳಿಯವರಿಗೆ ಸಮನಾಗಿ ಹಂಚಿ.

ಪ್ರಶ್ನೆ: ನಾನು ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕುಲುಮೆ ವಿಭಾಗದ ಸೂಪರ್‌ವೈಸರ್. ಟನ್ನಿಗೆ ಎಷ್ಟು ಯೂನಿಟ್ ಖರ್ಚಾಯಿತು ಎಂದು ಪ್ರತಿ ತಿಂಗಳೂ ನನ್ನನ್ನು ಕೇಳುತ್ತಾರೆ. ಆರ್ಡರ್ ಕಡಿಮೆಯಾದ ತಿಂಗಳು ಅಂಕಿ ಏರುತ್ತದೆ, ಬೈಗುಳ ನನಗೆ. ಬೋನಸ್ ಮಾತ್ರ ಎರಕ ಹೊಯ್ದ ಟನ್ನಿನ ಮೇಲೆ. ಯಾವುದಕ್ಕೆ ಕೆಲಸ ಮಾಡಲಿ?
— ಓದುಗರು, ಬೆಳಗಾವಿ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಈ ಉತ್ತರವನ್ನು ನಿಮ್ಮ ಯಜಮಾನರಿಗೂ ತೋರಿಸಿ.

ಕಾರ್ಖಾನೆಯ ಕರೆಂಟಿನಲ್ಲಿ ಎರಡು ಪಾಲು. ಒಂದು, ಎರಕ ಹೊಯ್ದರೂ ಬಿಟ್ಟರೂ ಖರ್ಚಾಗುವಂಥದ್ದು: ದೀಪ, ಕೂಲಿಂಗ್ ಟವರಿನ ಪಂಪು, ಧೂಳೆಳೆಯುವ ಬ್ಲೋವರ್, ಕಂಪ್ರೆಸರ್. ಇನ್ನೊಂದು ಟನ್ನಿನ ಜತೆ ಏರಿಳಿಯುವಂಥದ್ದು. ಒಂದು ಉದಾಹರಣೆ ತೆಗೆದುಕೊಳ್ಳಿ. 20 ಟನ್ ಮಾಡಿದ ತಿಂಗಳು 34,000 ಯೂನಿಟ್, 40 ಟನ್ ಮಾಡಿದ ತಿಂಗಳು 54,000 ಯೂನಿಟ್. ಅಂದರೆ ಹೆಚ್ಚುವರಿ ಪ್ರತಿ ಟನ್ನಿಗೆ 1,000 ಯೂನಿಟ್, ಸುಮ್ಮನೆ ಬಾಗಿಲು ತೆರೆದದ್ದಕ್ಕೆ 14,000. ಟನ್ನಿಗೆ ಭಾಗಿಸಿದರೆ ಮೊದಲ ತಿಂಗಳು 1,700, ಎರಡನೇ ತಿಂಗಳು 1,350. ಎರಡೂ ತಿಂಗಳು ನೀವು ಕೆಲಸ ಮಾಡಿದ ರೀತಿ ಒಂದೇ! ಹನ್ನೆರಡು ತಿಂಗಳ ಟನ್ನು ಮತ್ತು ಯೂನಿಟ್ಟನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು ನಡುವೆ ಗೆರೆ ಎಳೆಯಿರಿ. ಆಯಾ ತಿಂಗಳ ಟನ್ನಿಗೆ ಆ ಗೆರೆ ಎಷ್ಟು ಯೂನಿಟ್ ಹೇಳುತ್ತದೋ ಅದಕ್ಕಿಂತ ಹೆಚ್ಚಾದಾಗ ಮಾತ್ರ ನಿಮ್ಮನ್ನು ಕೇಳಬೇಕು.

ಕುಲುಮೆಗೇ ಬೇರೆ ಮೀಟರ್ ಹಾಕಿಸುವಂತೆ ಪಟ್ಟು ಹಿಡಿಯಿರಿ. ಇಂಡಕ್ಷನ್ ಕುಲುಮೆಯಲ್ಲಿ ಒಂದು ಟನ್ ಎರಕಬ್ಬಿಣ ಕರಗಿಸಲು ಸಾಮಾನ್ಯವಾಗಿ 550ರಿಂದ 650 ಯೂನಿಟ್ ಬೇಕು. ನಿಮ್ಮದು ಇದನ್ನು ಮೀರಿದರೆ ಕಾರಣ ಹುಡುಕಲು ಪ್ರತಿ ಹೀಟ್‌ಗೂ (ಒಂದು ಸಲ ಕರಗಿಸಿ ಹೊಯ್ಯುವುದು ಒಂದು ಹೀಟ್) ನಾಲ್ಕು ಸಮಯ ಬರೆದಿಡಿ: ಸ್ವಿಚ್ ಹಾಕಿದ್ದು, ಲೋಹ ಕರಗಿದ್ದು, ಅಚ್ಚು ಸಿದ್ಧವೆಂದು ಕರೆ ಬಂದದ್ದು, ಹೊಯ್ದದ್ದು. ಒಂದು ವಾರದಲ್ಲಿ ವಿಷಯ ಬಯಲಾಗುತ್ತದೆ. ಹೆಚ್ಚಿನ ಕಡೆ ಲೋಹ ಕರಗಿ ಅಚ್ಚಿಗಾಗಿ ಕಾಯುತ್ತಿರುತ್ತದೆ, ಮುಚ್ಚಳ ತೆರೆದೇ ಇರುತ್ತದೆ, ತಣ್ಣಗಾದೀತೆಂಬ ಭಯಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಕಾಯಿಸುತ್ತಾರೆ. ಇದು ಕುಲುಮೆಯವರ ಒಬ್ಬರ ತಪ್ಪಲ್ಲ. ಅಚ್ಚಿನ ವಿಭಾಗ ಮತ್ತು ಕರಗಿಸುವ ವಿಭಾಗದ ಇಬ್ಬರು ಮುಖ್ಯಸ್ಥರು ಬೆಳಿಗ್ಗೆ ಐದು ನಿಮಿಷ ಕೂತು ಯಾವ ಹೀಟ್ ಎಷ್ಟು ಗಂಟೆಗೆ ಎಂದು ಮಾತಾಡಿಕೊಳ್ಳದಿರುವುದರ ಫಲ. ಅವರಿಬ್ಬರನ್ನೂ ಒಂದೇ ಮೇಜಿಗೆ ಕೂರಿಸುವುದು ನಿಮ್ಮ ಕೈಲಾಗದು, ಯಜಮಾನರೇ ಮಾಡಬೇಕು.

ಬೋನಸ್ಸಿನ ವಿಷಯದಲ್ಲಿ ನಮ್ಮದು ಖಂಡಿತವಾದ ಅಭಿಪ್ರಾಯ: ಹೊಯ್ದ ಟನ್ನಿನ ಮೇಲಿನ ಬೋನಸ್ ಇಂದೇ ನಿಲ್ಲಬೇಕು. ರಿಜೆಕ್ಟ್ ಆದ ಎರಕ ಮತ್ತೆ ಕುಲುಮೆಗೇ ಬರುತ್ತದೆ, ಅದೇ ಲೋಹಕ್ಕೆ ಎರಡು ಸಲ ಕರೆಂಟು ಸುಡುತ್ತೇವೆ. ಈಗಿನ ಪದ್ಧತಿಯಲ್ಲಿ ಆ ಎರಡನೇ ಸಲಕ್ಕೂ ಬೋನಸ್ ಸಿಗುತ್ತಿದೆ. ಗ್ರಾಹಕರಿಗೆ ಹೋದ ಒಳ್ಳೆಯ ಟನ್ನಿನ ಮೇಲೆ ಬೋನಸ್ ಕಟ್ಟಿ, ಅದು ಅಚ್ಚು, ಮರಳು, ಕುಲುಮೆ ಮೂರೂ ವಿಭಾಗಕ್ಕೆ ಒಟ್ಟಾಗಿ ಸಲ್ಲಲಿ. ಆಗ ತುಕ್ಕು ಮತ್ತು ಮರಳು ಮೆತ್ತಿದ ಸ್ಕ್ರ್ಯಾಪ್ ಬಂದರೆ ನೀವೊಬ್ಬರೇ ಕೂಗಬೇಕಾಗಿಲ್ಲ, ಎಲ್ಲರೂ ಕೂಗುತ್ತಾರೆ.

ಪ್ರಶ್ನೆ: ನಮ್ಮ ಗಾರ್ಮೆಂಟ್ಸ್‌ನಲ್ಲಿ 300 ಜನ, ಹೆಚ್ಚಿನವರು ಹೆಣ್ಣುಮಕ್ಕಳು. ನೀರು, ಬಟ್ಟೆ, ಕರೆಂಟು ಉಳಿಸಲು ಸಲಹೆ ಕೊಡಿ ಎಂದು ಪೆಟ್ಟಿಗೆ ಇಟ್ಟು ಎಂಟು ತಿಂಗಳಾಯಿತು. ಬಂದದ್ದು ನಾಲ್ಕೇ ಚೀಟಿ. ಜನರಿಗೆ ಆಸಕ್ತಿಯೇ ಇಲ್ಲವೇ?
— ಸಿಬ್ಬಂದಿ ವಿಭಾಗದವರು, ದೊಡ್ಡಬಳ್ಳಾಪುರ

ಉತ್ತರ: ಆ ನಾಲ್ಕು ಚೀಟಿಗೆ ಉತ್ತರ ಕೊಟ್ಟಿರಾ? ನಿಮ್ಮ ಪತ್ರದಲ್ಲಿ ಅದಿಲ್ಲ. ಕೊಟ್ಟಿಲ್ಲವಾದರೆ ಐದನೆಯದು ಬರುವುದಿಲ್ಲ.

ಆಸಕ್ತಿ ಇಲ್ಲವೆನ್ನಬೇಡಿ. ಎಷ್ಟು ಬಟ್ಟೆ ಕತ್ತರಿಯಲ್ಲಿ ಪೋಲಾಗುತ್ತದೆ, ಯಾವ ಇಸ್ತ್ರಿ ಮೇಜಿನಲ್ಲಿ ಹಬೆ ಸೋರುತ್ತದೆ ಎಂಬುದು ಅಲ್ಲಿ ಎಂಟು ಗಂಟೆ ನಿಲ್ಲುವ ಹೆಣ್ಣುಮಗಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅವರು ಹೇಳದಿರುವುದಕ್ಕೆ ಬಲವಾದ ಕಾರಣ ಟಾರ್ಗೆಟ್. ಒಂದು ಕೆಲಸವನ್ನು ಬೇಗ ಮುಗಿಸುವ ದಾರಿ ಹೇಳಿಕೊಟ್ಟರೆ ಮಾರನೇ ವಾರ ಗಂಟೆಗೆ 60 ಪೀಸು ಇದ್ದದ್ದು 70 ಆಗುತ್ತದೆ ಎಂಬ ಭಯ. ಕಾರ್ಮಿಕರ ಸಲಹೆಯಿಂದ ಉಳಿದ ಸಮಯಕ್ಕೆ ಟಾರ್ಗೆಟ್ ಏರಿಸುವುದಿಲ್ಲ ಎಂದು ಆಡಳಿತ ಬರಹದಲ್ಲಿ ಕೊಡದ ಹೊರತು ಪೆಟ್ಟಿಗೆ ಖಾಲಿಯೇ.

ಭಾಷೆಯೂ ಅಡ್ಡಿ. ಒಡಿಶಾ, ಜಾರ್ಖಂಡ್, ಅಸ್ಸಾಮಿನಿಂದ ಬಂದವರು ನಿಮ್ಮಲ್ಲಿದ್ದರೆ ಕನ್ನಡ, ಇಂಗ್ಲಿಷಿನ ಚೀಟಿ ಅವರಿಗೆ ಕಾಗದದ ತುಂಡು. ಕನ್ನಡದವರಲ್ಲೂ ಬರೆಯಲು ಹಿಂಜರಿಯುವವರು ಇರುತ್ತಾರೆ. ಪೆಟ್ಟಿಗೆ ತೆಗೆದುಬಿಡಿ. ಪ್ರತಿ ಲೈನಿನಿಂದ ಅವರೇ ಆರಿಸಿದ ಒಬ್ಬರು, ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ, ಸಂಬಳದ ಅವಧಿಯಲ್ಲೇ ಕೂರಲಿ. ಊಟದ ಬಿಡುವಿನಲ್ಲಿ ಕರೆಯಬೇಡಿ. ಹೇಳಿದ್ದನ್ನು ಬರೆದುಕೊಳ್ಳುವುದು ನಿಮ್ಮ ವಿಭಾಗದ ಕೆಲಸ. ಏಳು ದಿನದೊಳಗೆ ಮಾಡುತ್ತೇವೆ, ಮಾಡುವುದಿಲ್ಲ, ಮಾಡುವುದಿಲ್ಲವಾದರೆ ಏಕೆ ಎಂಬುದನ್ನು ಹೇಳಿ. ‘ಇಲ್ಲ’ ಎಂಬ ಉತ್ತರವನ್ನು ಜನ ಸಹಿಸುತ್ತಾರೆ, ಮೌನವನ್ನು ಸಹಿಸುವುದಿಲ್ಲ.

ಇದು ಕುಂದುಕೊರತೆ ಸಮಿತಿಗೆ ಬದಲಿಯಲ್ಲ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಆಡಳಿತ ಮತ್ತು ಕಾರ್ಮಿಕರ ಸಮಸಂಖ್ಯೆಯ ಆ ಸಮಿತಿ, 10 ಅಥವಾ ಹೆಚ್ಚು ಜನರಿರುವ ಕಡೆ ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿ ಕಾನೂನಿನ ಪ್ರಕಾರ ಇರಲೇಬೇಕು. ಅವು ಹೆಸರಿಗಷ್ಟೇ ಇರುವ ಕಡೆ ಕರೆಂಟು ಉಳಿಸುವ ಸಲಹೆ ಯಾರೂ ಕೊಡುವುದಿಲ್ಲ. ನ್ಯಾಯ ಸಿಗದ ಜಾಗದಲ್ಲಿ ಮಾಲೀಕನ ಬಿಲ್ಲಿನ ಚಿಂತೆ ಅವರಿಗೇಕೆ?

ಒಂದು ಎಚ್ಚರಿಕೆ. ನೀರಿನ ಲೆಕ್ಕ ಇಳಿಸಲು ಶೌಚಾಲಯದ ನಲ್ಲಿಗೆ ಕೈ ಹಾಕುವವರಿದ್ದಾರೆ. ಹೆಣ್ಣುಮಕ್ಕಳು ಶೌಚಕ್ಕೆ ಹೋಗುವುದು ತಪ್ಪಿಸಲು ನೀರು ಕುಡಿಯುವುದನ್ನೇ ಬಿಡುತ್ತಾರೆ, ಮೂತ್ರದ ಸೋಂಕು ಬರುತ್ತದೆ. ಅದು ಉಳಿತಾಯವಲ್ಲ. ಹಬೆ ತಣಿದ ನೀರನ್ನು ಬಾಯ್ಲರಿಗೆ ಮರಳಿಸಿ, ಹಬೆ ಬಿಡದೆ ನೀರನ್ನಷ್ಟೇ ಹೊರಬಿಡುವ ಸ್ಟೀಮ್ ಟ್ರ್ಯಾಪ್ ಕೆಟ್ಟಿದ್ದರೆ ಬದಲಿಸಿ, ಹೊಲಿಗೆ ಯಂತ್ರದ ಹಳೆಯ ಕ್ಲಚ್ ಮೋಟಾರ್ ತೆಗೆದು ಸರ್ವೋ ಹಾಕಿ. ಕ್ಲಚ್ ಮೋಟಾರ್ ಹೊಲಿಯದಿದ್ದಾಗಲೂ ತಿರುಗುತ್ತಲೇ ಇರುತ್ತದೆ, ಸರ್ವೋ ಪೆಡಲ್ ಒತ್ತಿದಾಗ ಮಾತ್ರ.

ಪ್ರಶ್ನೆ: ಜೆಡ್ ಪ್ರಮಾಣಪತ್ರ ತೆಗೆದುಕೊಳ್ಳಬಹುದೇ? ಖರ್ಚೆಷ್ಟು?
— ಸಣ್ಣ ಉದ್ಯಮಿ, ತುಮಕೂರು

ಉತ್ತರ: ತೆಗೆದುಕೊಳ್ಳಬಹುದು. ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಈ ಯೋಜನೆ ದೋಷವಿಲ್ಲದ, ಪರಿಸರಕ್ಕೆ ಹಾನಿಯಿಲ್ಲದ ತಯಾರಿಕೆಗಾಗಿ. ಅದರಲ್ಲಿ ಮೂರು ಹಂತ. ಕಂಚಿಗೆ 10,000, ಬೆಳ್ಳಿಗೆ 40,000, ಚಿನ್ನಕ್ಕೆ 90,000 ರೂಪಾಯಿ ಶುಲ್ಕ. ಅದರಲ್ಲಿ ಅತಿಸಣ್ಣ ಘಟಕಕ್ಕೆ ಶೇ 80, ಸಣ್ಣದಕ್ಕೆ ಶೇ 60, ಮಧ್ಯಮಕ್ಕೆ ಶೇ 50 ಸಹಾಯಧನ. ಉದ್ಯಮ್ ನೋಂದಣಿ ಇರಬೇಕು. ಅರ್ಜಿ ಹಾಕುವ ಮುನ್ನ ಜಾಲತಾಣದಲ್ಲಿ ಈಗಿನ ದರ ನೋಡಿಕೊಳ್ಳಿ. ಕಂಚಿಗೆ ಕೇಳುವ ಐದು ವಿಷಯಗಳ ಫೋಟೊ ಮತ್ತು ದಾಖಲೆಗಳನ್ನು ಏಜೆಂಟರ ಕೈಯಲ್ಲಿ ಮಾಡಿಸಬೇಡಿ. ನಿಮ್ಮ ಸೂಪರ್‌ವೈಸರ್ ಮಾಡಲಿ, ಬೆಳ್ಳಿಯ ಹೊತ್ತಿಗೆ ಅವರೇ ಬೇಕಾಗುತ್ತಾರೆ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ತಂದೆ ಕಟ್ಟಿದ ಕಾರ್ಖಾನೆಯನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಪರಿಸರದ ಕೆಲಸವನ್ನು ಆಸ್ಥೆಯಿಂದ ಮಾಡುತ್ತಿದ್ದ ಮ್ಯಾನೇಜರ್ ಬೇರೆ ಕಡೆ ಹೋದರು, ಮೂರೇ ತಿಂಗಳಲ್ಲಿ ಎಲ್ಲ ನಿಂತುಹೋಯಿತು. ಅಪ್ಪನಿಗೆ ಹೊಸ ಮೋಟಾರ್ ಕೊಳ್ಳುವುದೆಂದರೆ ದಂಡ, ‘ರಿವೈಂಡಿಂಗ್ ಮಾಡಿಸು’ ಎನ್ನುತ್ತಾರೆ. ಏನು ಮಾಡಲಿ?
— ಓದುಗರು, ಮೈಸೂರು

ಉತ್ತರ: ಮುಂದಾಳು ಹೋದ ಮೇಲೂ ಕೆಲಸ ಉಳಿದ ಎರಡು ಉದಾಹರಣೆ ಕೊಡುತ್ತೇವೆ, ಎರಡೂ ದೊಡ್ಡ ಕಂಪನಿಗಳವು. ಅಮೆರಿಕದ ಜಾರ್ಜಿಯಾ ರಾಜ್ಯದ ನೆಲಹಾಸು ಕಂಪನಿ ಇಂಟರ್‌ಫೇಸ್‌ನ ಸ್ಥಾಪಕ ರೇ ಆಂಡರ್ಸನ್ 1994ರಲ್ಲಿ ಪರಿಸರದ ಗುರಿ ಇಟ್ಟರು. 2011ರಲ್ಲಿ ತೀರಿಕೊಂಡರು. 2020ಕ್ಕೆ ಮುಟ್ಟಬೇಕಿದ್ದ ಆ ಗುರಿಯನ್ನು ಮುಟ್ಟಿದ್ದೇವೆಂದು ಕಂಪನಿ ಘೋಷಿಸಿದ್ದು 2019ರಲ್ಲಿ. ಅಲ್ಲಿ ವ್ಯರ್ಥ ತಗ್ಗಿಸುವ ಕಾರ್ಯಕ್ರಮ ಮೊದಲಿನಿಂದಲೂ ಕಾರ್ಮಿಕರ ಸಲಹೆ ಮತ್ತು ತಂಡಗಳ ಮೇಲೆ ನಿಂತಿತ್ತು. ಫ್ರಾನ್ಸಿನ ಡಾನೋನ್‌ನಲ್ಲಿ ಮುಖ್ಯಸ್ಥ ಇಮ್ಯಾನುಯೆಲ್ ಫೇಬರ್ 2020ರ ಜೂನಿನಲ್ಲಿ ಷೇರುದಾರರ ಶೇ 99ಕ್ಕೂ ಹೆಚ್ಚು ಮತ ಪಡೆದು ಸಾಮಾಜಿಕ, ಪರಿಸರ ಗುರಿಗಳನ್ನು ಕಂಪನಿಯ ನಿಯಮಾವಳಿಗೇ ಸೇರಿಸಿದರು. 2021ರ ಮಾರ್ಚಿನಲ್ಲಿ ಅವರನ್ನೇ ಹುದ್ದೆಯಿಂದ ಇಳಿಸಲಾಯಿತು. ನಿಯಮಾವಳಿಯಲ್ಲಿ ಬರೆದದ್ದು ಮಾತ್ರ ಉಳಿಯಿತು. ಒಂದು ಕಡೆ ಕೆಲಸ ಅನೇಕರ ಕೈಯಲ್ಲಿತ್ತು, ಇನ್ನೊಂದು ಕಡೆ ಬರಹದಲ್ಲಿತ್ತು. ನಿಮ್ಮಲ್ಲಿ ಎರಡೂ ಇರಲಿಲ್ಲ, ಎಲ್ಲವೂ ಒಬ್ಬರ ತಲೆಯಲ್ಲಿತ್ತು.

ಈಗ ಮಾಡಬೇಕಾದ್ದು: ಹೋದ ಮ್ಯಾನೇಜರಿಗೆ ಫೋನ್ ಮಾಡಿ ಒಂದು ಮಧ್ಯಾಹ್ನ ಕರೆಸಿಕೊಳ್ಳಿ. ಯಾವ ಮೀಟರ್ ಯಾವಾಗ ಓದುತ್ತಿದ್ದರು, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದ ಅವಧಿ ಯಾವಾಗ ಮುಗಿಯುತ್ತದೆ, ತ್ಯಾಜ್ಯ ಎಣ್ಣೆ ಯಾರಿಗೆ ಹೋಗುತ್ತಿತ್ತು, ಎಲ್ಲವೂ ಎರಡು ಪುಟದಲ್ಲಿ ಇಳಿಯಲಿ. ಪ್ರತಿಯೊಂದರ ಮುಂದೆ ಇಬ್ಬರ ಹೆಸರು ಬರೆಯಿರಿ. ತಿಂಗಳಲ್ಲಿ ಒಂದು ವಾರ ಎರಡನೆಯವರೇ ಮಾಡಲಿ, ಇಲ್ಲದಿದ್ದರೆ ಆ ಹೆಸರು ಬರೀ ಹೆಸರಾಗಿಯೇ ಇರುತ್ತದೆ.

ಅಪ್ಪನವರ ಜತೆ ವಾದ ಬೇಡ, ಲೆಕ್ಕ ಇಡಿ. 15 ಕಿಲೋವಾಟ್ ಮೋಟಾರ್, ಮುಕ್ಕಾಲು ಹೊರೆ, ವರ್ಷಕ್ಕೆ 6,000 ಗಂಟೆ ಎಂದುಕೊಳ್ಳಿ. ಹಲವು ಸಲ ರಿವೈಂಡ್ ಆಗಿ ದಕ್ಷತೆ ಶೇ 88ಕ್ಕೆ ಬಂದಿದ್ದರೆ ಎಳೆಯುವುದು 12.8 ಕಿಲೋವಾಟ್. ಶೇ 92.1 ದಕ್ಷತೆಯ ಐಇ-3 ದರ್ಜೆಯ ಹೊಸ ಮೋಟಾರ್ 12.2 ಎಳೆಯುತ್ತದೆ. ವ್ಯತ್ಯಾಸ ಅರ್ಧ ಕಿಲೋವಾಟಿಗಿಂತ ಸ್ವಲ್ಪ ಹೆಚ್ಚು, ವರ್ಷಕ್ಕೆ ಸುಮಾರು 3,400 ಯೂನಿಟ್, 7 ರೂಪಾಯಿಯಂತೆ 24,000 ರೂಪಾಯಿ. ಹೊಸ ಮೋಟಾರಿನ ಕೊಟೇಷನ್ನಿನಿಂದ ರಿವೈಂಡಿಂಗ್ ಕೂಲಿ ಕಳೆದು ಈ 24,000ದಿಂದ ಭಾಗಿಸಿ, ಎಷ್ಟು ವರ್ಷದಲ್ಲಿ ಹಣ ಮರಳುತ್ತದೆ ಎಂದು ತೋರಿಸಿ. ದಿನಕ್ಕೆ ಎರಡೇ ಗಂಟೆ ಓಡುವ ಮೋಟಾರಾದರೆ ಅಪ್ಪನ ಮಾತೇ ಸರಿ, ಒಪ್ಪಿಕೊಳ್ಳಿ. ಹಣ ಎರಡು ವರ್ಷದೊಳಗೆ ಮರಳುವುದಾದರೆ ಚರ್ಚೆಯಿಲ್ಲದೆ ಕೊಳ್ಳುವುದು, ಎರಡರಿಂದ ನಾಲ್ಕು ವರ್ಷವಾದರೆ ಅಪ್ಪ-ಮಕ್ಕಳು ಕೂತು ತೀರ್ಮಾನಿಸುವುದು ಎಂದು ಒಂದು ನಿಯಮ ಬರೆದು ಇಬ್ಬರೂ ಸಹಿ ಹಾಕಿ. ಆ ಹಾಳೆಯ ಒಂದು ಪ್ರತಿ ಖರೀದಿ ವಿಭಾಗದವರ ಮೇಜಿನ ಮೇಲಿರಲಿ. ಈಗ ಅವರನ್ನು ಹೊಗಳುವುದು ಕಡಿಮೆ ಬೆಲೆಗೆ ತಂದದ್ದಕ್ಕೆ ಮಾತ್ರ, ಅವರು ತರುವುದೂ ಅದನ್ನೇ.